ನಿಮ್ಮ ಎತ್ತರಕ್ಕೆ ಕೊಯ್ಯಿಸಿದ ಕೊರಡು

ಬಾಣಸವಾಡಿ, ಬೆಂಗಳೂರು
೧೪-೮-೨೦೦೫, ಭಾನುವಾರ

ಸುಪ್ರೀತಾಳ ಅಪ್ಪನವರಿಗೆ ಕಮಲಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ಸುಪ್ರೀತಾ ಕ್ಷೇಮ, ಮೊಮ್ಮಗಳು ಕ್ಷೇಮ. ನನ್ನ ವಿಷಯ ಆಮೇಲೆ. ಫೋನು ಮಾಡಿದರೆ ನಿಮ್ಮ ತಂಗಿ ಎತ್ತುತ್ತಾಳೆ. ನಿಮ್ಮ ಕೈಗೆ ಕೊಟ್ಟರೂ ನಿಮಗೆ ಕೇಳಿಸುವುದಿಲ್ಲ, ನಾನು ಕಿರುಚಿದ್ದು ರಾಣೆಬೆನ್ನೂರಿನ ಬೀದಿಗೆಲ್ಲ ಕೇಳಿಸೀತು. ಅದಕ್ಕೇ ಬರೆಯಲು ಕೂತೆ. ಏಳನೇ ಇಯತ್ತೆಯ ಅಕ್ಷರ, ನಗಬೇಡಿ.

ನೀವು ಮನೆ ಬಿಟ್ಟು ಹನ್ನೊಂದು ತಿಂಗಳಾಯಿತು. ಜಗಳವಾಡಿ ಹೋಗಿದ್ದರೆ ನನಗೂ ಎರಡು ಮಾತಾಡಲು ಸಿಗುತ್ತಿತ್ತು. ನೀವು ಬಚ್ಚಲ ಒಲೆಯ ಮುಂದೆ ಬಂದು ನಿಂತಿರಿ, ಒಳಗೆ ಉರಿಯುತ್ತಿದ್ದ ನಿಮ್ಮ ಕೊರಡಿನ ಸೀಳುಗಳನ್ನು ನೋಡಿದಿರಿ, ಅಂಗಿ ಹಾಕಿಕೊಂಡು ಚೀಲ ಎತ್ತಿಕೊಂಡಿರಿ. ಬಾಣಂತಿ ಮಗಳು ಎದ್ದು ಬಾಗಿಲಿಗೆ ಬಂದು ಅಪ್ಪಾ ಎಂದು ಕೂಗಿದಳು. ನೀವು ತಿರುಗಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ನಡೆದುಬಿಟ್ಟಿರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಶಿವಾಜಿನಗರದ ಶೆಡ್ಡಿನಲ್ಲಿ ನಿಮ್ಮ ಗುರುಗಳು ಕೊಟ್ಟ ಕೊರಡು ಅದು. ಇಪ್ಪತ್ತಾರು ವರ್ಷ ಅದರ ಗುಳಿಯ ಮೇಲೆ ತಗಡು ಇಟ್ಟು ಬಡಿದಿರಿ. ಎಷ್ಟು ಕಾರಿಗೆ ಮಡ್‌ಗಾರ್ಡು, ಎಷ್ಟು ಬುಲೆಟ್ಟಿಗೆ ಟ್ಯಾಂಕು ಅದರ ಮೇಲೆ ಹುಟ್ಟಿದವೋ. ಕೊನೆಗೆ ಅದು ಉರಿದದ್ದು ಬಾಣಂತಿ ಸ್ನಾನದ ಒಂದು ಹಂಡೆ ನೀರಿಗೆ. ಕಟ್ಟಿಗೆ ಮುಗಿದಿತ್ತು, ನೀವು ಹೇಗೂ ಟಿಂಕರಿಂಗ್ ಬಿಟ್ಟು ಕೂತಿದ್ದಿರಿ, ಬೇಡದ ಮರವೆಂದುಕೊಂಡೆ ಎಂದು ಕೇಳಿದವರಿಗೆಲ್ಲ ಹೇಳಿದೆ. ನಿಮ್ಮ ತಂಗಿಗೂ ಹಾಗೇ ಹೇಳಿದೆ.

ದೀಪಾವಳಿಗೆ ಅವಳ ಕಾಗದ ಬಂತು. ಅಣ್ಣ ನಮ್ಮ ಮನೆಯ ತಂಬಿಗೆ, ತಟ್ಟೆ, ಹಾಲಿನ ಪಾತ್ರೆಗಳ ತಗ್ಗನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ಒತ್ತಿ ಸರಿಮಾಡುತ್ತ ಕೂರುತ್ತಾನೆ ಎಂದು ಬರೆದಿದ್ದಳು. ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಮರುದಿನವೇ ಕೊರಡು ಹುಡುಕಲು ಹೊರಟೆ.

ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಅಕ್ತರ್ ಅವರನ್ನು ಕೇಳಿದೆ. ಅವರು ಒಳ್ಳೇ ಮನಸ್ಸಿನಿಂದಲೇ, ಮಾಂಸದ ಅಂಗಡಿಯ ಹಳೇ ಕೊರಡು ಒಂದಿದೆ, ಹುಣಸೆಯದು, ಕಲ್ಲಿನಂತೆ ಗಟ್ಟಿ, ತೊಳೆಸಿ ಕೊಡುತ್ತೇನೆ ಎಂದರು. ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಬೇಡವೆಂದೆ. ಅವರು ನಕ್ಕರು, ನಾನೂ ನಕ್ಕೆ. ಆದರೆ ಮರ ಹುಣಸೆಯದೇ ಆಗಬೇಕು, ತಗಡಿನ ಏಟನ್ನು ಅದೇ ತಡೆಯುವುದು ಎಂಬುದು ಅವತ್ತು ತಿಳಿಯಿತು.

ಒಂದು ದಿನ ಸುಪ್ರೀತಾಗೆ ರಸ್ಕು ತರಲೆಂದು ಸರ್ವಜ್ಞನಗರದ ಬೇಕರಿಗೆ ಹೋಗಿದ್ದೆ. ಚರ್ಚಿನ ಹಿಂದಿನ ಬೀದಿಯಲ್ಲಿ ಹಂಚಿನ ಮನೆಯೊಂದನ್ನು ಕೆಡವಿ ಫ್ಲಾಟು ಕಟ್ಟಲು ಹೊರಟಿದ್ದರು. ಹಿತ್ತಲಿನ ಹುಣಸೆ ಮರ ನೆಲಕ್ಕೆ ಬಿದ್ದಿತ್ತು, ಗರಗಸದವರು ಸೌದೆಗೆಂದು ತುಂಡು ಹಾಕುತ್ತಿದ್ದರು. ಬುಡದ ತುಂಡು ನನಗೆ ಬೇಕೆಂದೆ. ಮೇಸ್ತ್ರಿ ಆಗುವುದಿಲ್ಲವೆಂದ. ನಾನು ಅದರ ಮೇಲೆ ಕೂತುಬಿಟ್ಟೆ. ತಮಿಳಿನಲ್ಲಿ ಬೈದ, ಅರ್ಥವಾಗದವಳ ಹಾಗೆ ರಸ್ಕಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವನಿಗೇ ಸಾಕಾಯಿತು. "ಎಷ್ಟುದ್ದ ಬೇಕಮ್ಮಾ, ಹೇಳಿ ತೊಲಗು" ಎಂದ.

ಎಷ್ಟುದ್ದ ಎಂಬುದು ನನಗೇನು ಗೊತ್ತು? ನಾಳೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಮುಟ್ಟಬಾರದೆಂದು ಅವನಿಂದ ಮಾತು ತೆಗೆದುಕೊಂಡು ಮನೆಗೆ ಬಂದೆ. ನಿಮ್ಮ ಖಾಕಿ ಪ್ಯಾಂಟು ಟ್ರಂಕಿನಲ್ಲಿತ್ತು. ಬಲತೊಡೆಯ ಮೇಲೆ ಒಂದು ಕಡೆ ಬಟ್ಟೆ ಸವೆದು ನೂಲು ಕಾಣುತ್ತದಲ್ಲ, ಅದು ಕೊರಡಿನ ಅಂಚು ದಿನವೂ ತಾಗುತ್ತಿದ್ದ ಜಾಗ. ಕಾಲಿನ ಮಡಿಕೆಯಿಂದ ಅಲ್ಲಿಯವರೆಗೆ ಟೇಪಿಟ್ಟು ಅಳೆದೆ, ಚಪ್ಪಲಿಗೆಂದು ಒಂದಿಂಚು ಸೇರಿಸಿದೆ. ಮರುದಿನ ಅಷ್ಟಕ್ಕೇ ಕೊಯ್ಯಿಸಿ ಲಗೇಜ್ ಆಟೋದಲ್ಲಿ ತಂದೆ.

ಆಮೇಲೆ ಮಾಡಿದ್ದು ನನ್ನ ದಡ್ಡತನ. ಹಪ್ಪಳ ಸಂಡಿಗೆ ಒಣಗಿಸಿದವಳು ನಾನು, ಕೊರಡು ಯಾವ ಲೆಕ್ಕ ಎಂದು ತಾರಸಿಯ ಬಿಸಿಲಿಗೆ ಹಾಕಿಸಿದೆ. ಮೂರನೇ ದಿನ ಫಟ್ಟೆಂದು ಸದ್ದಾಯಿತು. ಹೋಗಿ ನೋಡಿದರೆ ಒಂದು ತುದಿಯಲ್ಲಿ ಬೆರಳು ಹಿಡಿಸುವಷ್ಟು ಸೀಳು. ಅಕ್ತರ್ ಅವರು ಬಂದು ತಲೆ ಚಚ್ಚಿಕೊಂಡರು. "ಅಕ್ಕಾ, ಬಿಸಿಲಿಗೆ ಮೇಲೆ ಬೇಗ ಒಣಗ್ತದೆ, ಒಳಗೆ ಹಸೀನೇ ಇರ್ತದೆ. ಎಳ್ಕೊಂಡು ಸೀಳ್ತದೆ. ನೆರಳಲ್ಲಿಡಿ, ಜಲ್ದಿ ಮಾಡ್ಬೇಡಿ" ಎಂದರು. ಅವರೇ ತೊಗಟೆ ಕೆತ್ತಿ ತೆಗೆದರು. ಎರಡೂ ತುದಿಗೆ ಸಗಣಿ ಬಳಿದು, ಇಟ್ಟಿಗೆಯ ಮೇಲೆ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಇಟ್ಟೆವು. ಸೀಳಿದ ತುದಿ ಈಗ ಕೆಳಗಿದೆ, ಅದಕ್ಕೊಂದು ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಮೇಲಿನ ತುದಿಯಲ್ಲಿ ಒಂದು ಗೆರೆಯೂ ಇಲ್ಲ, ಬೇಕಾದರೆ ಬಂದು ಬೆರಳಾಡಿಸಿ ನೋಡಿ.

ಹದಿನೈದು ದಿನಕ್ಕೊಮ್ಮೆ ತಿರುಗಿಸಿಡುತ್ತ ಎಂಟು ತಿಂಗಳು ಕಾದೆ. ಅಷ್ಟರಲ್ಲಿ ಮೊಮ್ಮಗಳು ಮಗುಚಿಕೊಂಡಳು, ತೆವಳಿದಳು, ಹೋದ ತಿಂಗಳು ಅದೇ ಕೊರಡನ್ನು ಹಿಡಿದುಕೊಂಡು ಎದ್ದು ನಿಂತಳು. ನೀವು ನೋಡಬೇಕಿತ್ತು.

ಕಳೆದ ವಾರ ಗುಳಿ ಮಾಡಿದ್ದು. ಮೇಲಿನ ತುದಿಯನ್ನು ಅಕ್ತರ್ ಅವರು ಸಮತಟ್ಟು ಮಾಡಿಕೊಟ್ಟರು. ಅಂಚಿಗೆ ಒದ್ದೆ ಗೋಣಿ ಸುತ್ತಿ, ನಡುವೆ ಕೆಂಡ ಇಟ್ಟು, ಊದುಗೊಳವೆಯಿಂದ ನಾನೇ ಊದಿದೆ. ಸುಟ್ಟಷ್ಟನ್ನು ಉಳಿಯಿಂದ ಕೆರೆಯುವುದು, ಮತ್ತೆ ಕೆಂಡ ಇಡುವುದು. ಊದುತ್ತಿದ್ದಂತೆ ಹುಣಸೆ ಮರ ಸುಡುವ ವಾಸನೆ ಮೂಗಿಗೆ ಬಡಿಯಿತು. ಅವತ್ತಿನ ಬಚ್ಚಲ ವಾಸನೆ ಅದೇ. ಕೊಳವೆ ತಗಲಿ ಕೆಂಡ ಸೀರೆಯ ಮೇಲೆ ಬಿತ್ತು. ಅಕ್ತರ್ ಅವರು ಹೊಗೆಗೆ ಕಣ್ಣೀರು ಬಂತೆಂದುಕೊಂಡರು, ನಾನೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ. ಈಗ ಎರಡು ಗುಳಿಗಳಿವೆ. ಒಂದು ಆಳದ್ದು, ಒಂದು ಅಂಗೈಯಷ್ಟು ಮೇಲುಮೇಲಿನದು. ಮರಳು ಕಾಗದದಿಂದ ಉಜ್ಜಿ, ಹರಳೆಣ್ಣೆ ಕುಡಿಸಿದ್ದೇನೆ.

ಇಷ್ಟು ಬರೆದ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ. ಅವತ್ತು ಕಟ್ಟಿಗೆ ಮುಗಿದಿರಲಿಲ್ಲ. ಸೊಂಟದೆತ್ತರ ಪೇರಿಸಿತ್ತು. ಹಿಂದಿನ ದಿನ ನೀವು ಕೊರಡಿಗೆ ಎಣ್ಣೆ ಹಚ್ಚುತ್ತ, ಮಗುವಿಗೆ ಹೆಸರಿಟ್ಟ ಮೇಲೆ ಮತ್ತೆ ಶೆಡ್ಡಿಗೆ ಹೋಗ್ತೀನಿ, ಕಿವಿ ಹೋದರೆ ಹೋಗಲಿ ಎಂದಿರಿ. ಸುತ್ತಿಗೆ ಹಿಡಿದರೆ ಉಳಿದಷ್ಟೂ ಕಿವಿ ಹೋಗುತ್ತದೆಂದು ಡಾಕ್ಟರು ಹೇಳಿದ್ದರಲ್ಲ. ಮೊಮ್ಮಗಳ ಮೊದಲ ಮಾತು ನಿಮಗೆ ಕೇಳಿಸಬೇಕೆಂಬ ಆಸೆಗೆ ಬುದ್ಧಿಪೂರ್ವಕವಾಗಿ ಸುಟ್ಟೆ. ಕೊಡಲಿ ಹಾಕಿದ್ದೂ ನಾನೇ. ನಾಲ್ಕು ಏಟಿಗೂ ಸೀಳಲಿಲ್ಲ, ಐದನೆಯದಕ್ಕೆ ಸೀಳಿತು. ತಪ್ಪಾಯಿತು.

ಬನ್ನಿ. ಬಂದು ಈ ಕೊರಡಿನ ಮುಂದೆ ನಿಂತು ನೋಡಿ, ಎತ್ತರ ಸರಿಯಿದೆಯೋ ಇಲ್ಲವೋ. ಬೈಯುವುದಿದ್ದರೆ ಎದುರಿಗೇ ಬೈಯಿರಿ. ನೀವಿಲ್ಲದ ಈ ಮನೆಯಲ್ಲಿ ನನ್ನಿಂದ ಇರಲಾಗುತ್ತಿಲ್ಲ.

ಇಂತಿ ನಿಮ್ಮ,
ಕಮಲ

ತಾ.ಕ.: ಮರೆತು ಉಳಿದದ್ದಲ್ಲ ಇದು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಡಾಕ್ಟರು ಕೆಲಸ ಬಿಡಿ ಎಂದಿರಲೇ ಇಲ್ಲ. ಕಬ್ಬಿಣದ ಮೇಲೆ ಬಡಿಯುವುದು ಬೇಡ, ಮರದ ಮೇಲಷ್ಟೇ ಬಡಿಯಲಿ, ಕಿವಿಗೆ ಮುಚ್ಚಳ ಹಾಕಿಕೊಳ್ಳಲಿ, ದಿನಕ್ಕೆ ಅರ್ಧ ಹೊತ್ತು ಮಾಡಲಿ ಎಂದಿದ್ದರು. ಮೆಟ್ಟಿಲಿಳಿಯುವಾಗ ನೀವು "ಏನಂದ್ರು?" ಎಂದು ಕೇಳಿದಿರಿ. ನಾನು ನಿಮ್ಮ ಕಿವಿಗೆ ಬಾಯಿಟ್ಟು "ಇನ್ನ ಸುತ್ತಿಗೆ ಮುಟ್ಟಬ್ಯಾಡ ಅಂದ್ರು ರೀ" ಎಂದು ಕೂಗಿದೆ. ಇಷ್ಟು ವರ್ಷ ತಗಡಿನ ಸದ್ದನ್ನೇ ಕೇಳಿದಿರಿ, ಉಳಿದಷ್ಟು ಕಿವಿಯಾದರೂ ನನ್ನ ಮಾತಿಗಿರಲಿ ಎಂಬ ಹೊಟ್ಟೆಕಿಚ್ಚು. ನೀವು ನಂಬಿದಿರಿ. ಹೋದ ಸೋಮವಾರ ಮತ್ತೆ ಆ ಡಾಕ್ಟರ ಹತ್ತಿರ ಹೋಗಿ, ಅದೇ ಮಾತನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸಿಕೊಂಡು ಬಂದಿದ್ದೇನೆ. ಚೀಟಿ ಇದರೊಳಗಿದೆ, ನೀವೇ ಓದಿ. ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಬರಬೇಡಿ. ಶ್ರಾವಣ ಮುಗಿಯುವವರೆಗೆ ದಾರಿ ನೋಡುತ್ತೇನೆ, ಆಮೇಲೆ ಅಕ್ತರ್ ಅವರು ಕೊರಡನ್ನೂ ನಿಮ್ಮ ಸುತ್ತಿಗೆಗಳನ್ನೂ ಲಾರಿಗೆ ಹಾಕಿ ರಾಣೆಬೆನ್ನೂರಿಗೆ ಕಳಿಸುತ್ತಾರೆ. ನೀವು ನನ್ನನ್ನು ಕ್ಷಮಿಸದಿದ್ದರೂ ಅವು ಬರುತ್ತವೆ.