ಸೂಜಿ ಚುಚ್ಚುವ ಜಾಗ ತಿಳಿಯದೆ ಪಾಸಾದವರು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಬರುವ ಸೋಮವಾರ ನಮ್ಮ ನರ್ಸಿಂಗ್ ಕಾಲೇಜಿನ ಐವತ್ತೆರಡು ವಿದ್ಯಾರ್ಥಿಗಳು ವಾರ್ಡುಗಳಿಗೆ ಹೋಗಲಿದ್ದಾರೆ. ಎಲ್ಲರೂ ನಿಮ್ಮ ಪರೀಕ್ಷೆಯಲ್ಲಿ ಪಾಸಾದವರೇ. ಇಂಜೆಕ್ಷನ್ ಎಲ್ಲಿ ಕೊಡಬೇಕೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತು? ಕೇಳಕೂಡದೆಂದು ನೀವೇ ಆದೇಶಿಸಿದ್ದೀರಿ.

ದಾವಣಗೆರೆಯಲ್ಲಿ ಹದಿನೇಳು ವರ್ಷಗಳಿಂದ ಅಂಗರಚನೆ, ಅಂಗಕ್ರಿಯೆ ಕಲಿಸುತ್ತಿದ್ದೇನೆ. ಮಕ್ಕಳು ಹೇಗೆ ಕಲಿಯುತ್ತಾರೆ, ಕಲಿತದ್ದು ಎಷ್ಟು ದಿನ ಉಳಿಯುತ್ತದೆ ಎಂಬುದು ನನ್ನ ಸಂಶೋಧನೆ. ಕಳೆದ ಜನವರಿಯಲ್ಲಿ ಕೊನೆಯ ವರ್ಷದ ನಲವತ್ತಾರು ಜನರಿಗೆ ಮನುಷ್ಯನ ಬೆನ್ನುಭಾಗದ ಚಿತ್ರ ಕೊಟ್ಟು, ಸೊಂಟದ ಇಂಜೆಕ್ಷನ್ ಕೊಡುವ ಜಾಗಕ್ಕೆ ಚುಕ್ಕೆ ಇಡಿ ಎಂದೆ. ಇಪ್ಪತ್ತೊಂಬತ್ತು ಜನ ಕಾಲಿಗೆ ಇಳಿಯುವ ದೊಡ್ಡ ನರದ ಮೇಲೆಯೇ ಚುಕ್ಕೆ ಇಟ್ಟರು. ಅರ್ಧ ತರಗತಿಗೆ ಮೂಳೆಗಳನ್ನು ಕೈಯಿಂದ ಮುಟ್ಟಿಸಿ ಮತ್ತೆ ಕಲಿಸಿದೆ. ಎರಡು ತಿಂಗಳ ನಂತರವೂ ಅವರಲ್ಲಿ ತಪ್ಪಿದವರು ಇಬ್ಬರೇ. ಉಳಿದರ್ಧಕ್ಕೆ ಕಲಿಸುವ ಮುನ್ನ ನಿಮಗೆ ವರದಿ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: 'ಪಠ್ಯಕ್ರಮದಲ್ಲಿಲ್ಲದ ಚಟುವಟಿಕೆಗಳನ್ನು ಕೂಡಲೇ ನಿಲ್ಲಿಸತಕ್ಕದ್ದು.' ಎಂಥ ಮಿತವ್ಯಯದ ಭಾಷೆ! ನಿಲ್ಲಿಸಿದೆ. ನೌಕರಿ ಬೇಕಿತ್ತಲ್ಲ.

ಆ ಉಳಿದರ್ಧದಲ್ಲಿ ಭವ್ಯಾ ಇದ್ದಳು. ನಿಮ್ಮ ಪತ್ರಿಕೆಯಲ್ಲಿ ನೂರಕ್ಕೆ ಎಂಬತ್ತೆಂಟು. ಸೆಪ್ಟೆಂಬರ್‌ನಲ್ಲಿ ಹರಿಹರದ ಒಂದು ಕ್ಲಿನಿಕ್‌ನಲ್ಲಿ ಕೆಲಸಕ್ಕಿದ್ದಾಗ, ಜ್ವರವೆಂದು ಬಂದ ಬೊಮ್ಮಣ್ಣನಿಗೆ ಇಂಜೆಕ್ಷನ್ ಕೊಟ್ಟಳು. ಆತ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವವನು. ಅಲ್ಲಿಯೇ ಕಿರುಚಿ ಕುಸಿದ. ಅಂದಿನಿಂದ ಅವನ ಬಲ ಪಾದ ಮೇಲೇಳುತ್ತಿಲ್ಲ.

ಮರುದಿನ ಭವ್ಯಾ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಆ ನರ ಎಲ್ಲಿ ಹುಟ್ಟತೈತೆ, ಎಲ್ಲಿ ಕವಲೊಡಿತೈತೆ, ಎಲ್ಲಾ ಬಾಯಿಪಾಠ ಐತ್ರಿ ಮೇಡಂ. ಆದ್ರ ಆ ಮನುಷ್ಯ ಎದುರಿಗೆ ಮಲಗಿದಾಗ ಅದು ಎಲ್ಲೈತೆ ಅಂತ ತಿಳೀಲಿಲ್ರಿ."

ಅವಳನ್ನು ಕಳಿಸಿ ಬೀರು ತೆಗೆದೆ. ಅವಳ ಜನವರಿಯ ಹಾಳೆ ಅಲ್ಲೇ ಇತ್ತು. ಚುಕ್ಕೆ ಸರಿಯಾಗಿ ನರದ ಮೇಲೆ.

ಆವರಗೆರೆಯ ಬೊಮ್ಮಣ್ಣನ ಮನೆಗೆ ಹೋದೆ. ಅವನ ಹೆಂಡತಿ ಹುಲಿಗೆಮ್ಮ, "ಕೂಡ್ರಿ" ಎಂದು ಚಾಪೆ ಹಾಸಿದಳು. ನಾನು ಯಾರೆಂದು, ಭವ್ಯಾ ನನ್ನ ವಿದ್ಯಾರ್ಥಿನಿ ಎಂದು ಹೇಳಿದೆ. ಆಕೆ ಕೇಳಿದಳು: "ಆ ಹುಡುಗಿಗೆ ಬರಲ್ಲ ಅಂತ ನಿಮಗ ಮೊದ್ಲೇ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಯಂತ್ರಕರೇ, ಭವ್ಯಾಳ ಜೊತೆ ಅದೇ ಜಾಗದಲ್ಲಿ ಚುಕ್ಕೆ ಇಟ್ಟ, ಮತ್ತೆ ಕಲಿಯದ ಇನ್ನೂ ಹದಿಮೂರು ಜನ ಎಲ್ಲೆಲ್ಲಿ ಕೆಲಸಕ್ಕಿದ್ದಾರೋ ನನಗೆ ತಿಳಿಯದು. ಈ ಓಲೆ ಓದುವ ಹೊತ್ತಿಗೆ ಯಾರೋ ಒಬ್ಬರು ಅವರೆದುರು ಅಂಗಿ ಎತ್ತಿ ಮಲಗಿರಬಹುದು. ಅವರನ್ನೆಲ್ಲ ಹುಡುಕಿ ಮರಳಿ ಕರೆಸಿ. ರೋಗಿಯ ಮೈಮೇಲೆ ಬೆರಳಿಟ್ಟು ತೋರಿಸದ ಹೊರತು ಯಾರನ್ನೂ ಪಾಸು ಮಾಡಬೇಡಿ. ನಾಳೆ ಮಧ್ಯಾಹ್ನ ಐವತ್ತೆರಡು ಜನರಿಗೂ ನಾನು ಈ ಪರೀಕ್ಷೆ ಮಾಡುತ್ತೇನೆ. ತಪ್ಪಿದವರನ್ನು ವಾರ್ಡಿಗೆ ಕಳಿಸುವ ಅನುಮತಿ ಹಾಳೆಗೆ ನನ್ನ ಸಹಿ ಬೀಳುವುದಿಲ್ಲ. ಇದಕ್ಕಾಗಿ ನನಗೆ ಕೊಡುವ ನೋಟಿಸನ್ನು ಕಾಲೇಜಿನ ವಿಳಾಸಕ್ಕೇ ಕಳಿಸಬಹುದು.

ಇಂತಿ,
ನಿಮ್ಮ ಆದೇಶವನ್ನು ಒಮ್ಮೆ ಪಾಲಿಸಿದ ತಪ್ಪಿತಸ್ಥೆ,
ರೂಪಶ್ರೀ
ಅಂಗರಚನಾಶಾಸ್ತ್ರದ ಅಧ್ಯಾಪಕಿ, ದಾವಣಗೆರೆ