ತುತ್ತು ಕಮಲಾಕ್ಷಮ್ಮನ ಕೈಯದು, ತೀರ್ಮಾನ ಯಾರದು?

ಮರೆವಿನವರ ಆರೈಕೆ ಕೇಂದ್ರದ ಮಾನ್ಯ ಆಡಳಿತಾಧಿಕಾರಿಗಳೇ,

ಹಾಸನದ ನಿಮ್ಮ ಕೇಂದ್ರದಲ್ಲಿರುವ ನನ್ನ ಯಜಮಾನರು ಚನ್ನಬಸವಯ್ಯನವರಿಗೆ ಬರುವ ಸೋಮವಾರ ಮೂಗಿಗೆ ನಳಿಕೆ ಹಾಕಿ ಆಹಾರ ಕೊಡುವುದೆಂದು ತಾವು ಸಭೆ ಸೇರಿ ತೀರ್ಮಾನಿಸಿದ್ದೀರಂತೆ. ಸಭೆಯಲ್ಲಿ ವೈದ್ಯರಿದ್ದರು, ತಾವಿದ್ದಿರಿ, ಯಜಮಾನರನ್ನು ನೋಡಿಕೊಳ್ಳುವ ಕಮಲಾಕ್ಷಮ್ಮನೂ ಇದ್ದಳು. ಹೆಂಡತಿಯಾದ ನಾನು ಮಾತ್ರ ಏನೂ ತಿಳಿಯದೆ ಅರಕಲಗೂಡಿನಲ್ಲಿ ರೊಟ್ಟಿ ತಟ್ಟುತ್ತಿದ್ದೆ. ನಿಮ್ಮ ಬಾಗಿಲಲ್ಲಿ ‘ಕುಟುಂಬವೇ ನಮ್ಮ ಜೊತೆಗಾರ’ ಎಂಬ ಬೋರ್ಡಿದೆಯಲ್ಲ, ಅದು ಯಾರ ಕುಟುಂಬ?

ಊಟಕ್ಕೆ ಬಾಯಿ ತೆರೆಯದಿರುವುದು ಅವರ ಹಠವೆಂದು ತಾವು ಸಭೆಯಲ್ಲಿ ಹೇಳಿದಿರಂತೆ. ಹಠವಲ್ಲ, ಸ್ವಾಮಿ. ದಾರ ಕತ್ತಿಗೆ ಸುತ್ತಿಕೊಂಡೀತೆಂದು ಅವರ ಕೊರಳಿನ ಬೆಳ್ಳಿ ಕರಡಿಗೆಯನ್ನು ಬಿಚ್ಚಿಸಿ, ಒಡವೆಯೆಂಬಂತೆ ಬೀರುವಿನಲ್ಲಿಟ್ಟಿದ್ದೀರಿ. ಅದರೊಳಗಿರುವುದು ಇಷ್ಟಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವರು ಎಂದೂ ಬಾಯಿಗೆ ಅನ್ನ ಇಟ್ಟವರಲ್ಲ. ನನ್ನ ಮುಖ ಮರೆತವರಿಗೆ ಆ ನೇಮ ಮರೆತಿಲ್ಲ. ಒಂದು ಫೋನ್ ಮಾಡಿದ್ದರೆ, ದಾರ ಬೇಡವಾದರೆ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ ಎನ್ನುತ್ತಿದ್ದೆ.

ಮುಚ್ಚಿಟ್ಟು ಏನು ಪ್ರಯೋಜನ, ನನಗೆ ಹೊಟ್ಟೆಕಿಚ್ಚು. ಕಳೆದ ಭಾನುವಾರ ಬಂದಾಗ ಯಜಮಾನರು ನನ್ನನ್ನು ನೋಡಿ, “ಯಾವೂರ್ನೋರಮ್ಮ ನೀವು? ಕೂತ್ಕಳಿ” ಎಂದರು. ಕಮಲಾಕ್ಷಮ್ಮ ಒಳಗೆ ಬಂದದ್ದೇ ತಡ, “ನೀಲಾ, ಎಲ್ಲೋಗಿದ್ದೆ?” ಎಂದು ಮುಖವರಳಿಸಿದರು. ಅವರು ನೀಲಾ ಎಂದು ಕರೆಯುತ್ತಿದ್ದದ್ದು ನನ್ನೊಬ್ಬಳನ್ನೇ. “ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ, ಊಂ ಅಂದ್ರೆ ಸುಮ್ಕಿರ್ತಾರೆ” ಎಂದಳು ಆಕೆ. ಒಳ್ಳೆಯವಳೇ. ಅದೇ ಸಂಕಟ, ಬೈಯಲೂ ಆಗುವುದಿಲ್ಲ. ಆಕೆ ಬಾಚಿದ ಅವರ ತಲೆ ಕಂಡರೂ ನನಗೆ ಮೈ ಉರಿಯುತ್ತದೆ.

ಆಕೆಯನ್ನೇ ಕಾಡಿ ಬೀರು ತೆಗೆಸಿ, ಕರಡಿಗೆಯನ್ನು ಅವರ ಮಡಿಲಲ್ಲಿಟ್ಟೆ. ಅವರೇ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ತುಟಿ ಅಲುಗಿತು. ಆಮೇಲೆ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೆಲ್ಲ ತಿಂದರು. ನನ್ನ ಕೈಯಿಂದಲ್ಲ, ಕಮಲಾಕ್ಷಮ್ಮನ ಕೈಯಿಂದ. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ನಾನು ಬಸ್ಸು ಹತ್ತಿದ ಮೇಲೆ ಕರಡಿಗೆ ಮತ್ತೆ ಬೀರು ಸೇರಿತಂತೆ. ನಿಯಮವಂತೆ!

ನಳಿಕೆ ನಿಲ್ಲಿಸಿ. ಲಿಂಗವನ್ನು ಅವರ ಮೈಮೇಲೆ ಕಟ್ಟಿಸಿ. ಮುಂದಿನ ಸಭೆಯಲ್ಲಿ ನನಗೊಂದು ಕುರ್ಚಿ ಹಾಕಿಸಿ, ಕಮಲಾಕ್ಷಮ್ಮನ ಪಕ್ಕದಲ್ಲೇ ಆದರೂ ಸರಿ. ಯಜಮಾನರು ಯಾರ ಕೈಯಿಂದಾದರೂ ಉಣ್ಣಲಿ. ಯಾಕೆ ಉಣ್ಣುತ್ತಿಲ್ಲ ಎಂದು ಮಾತ್ರ ಮೊದಲು ನನ್ನನ್ನು ಕೇಳಿ.

ಇಂತಿ,
ತನ್ನ ಹೆಸರಿಗೆ ಇನ್ನೊಬ್ಬಳು ಊಂಗುಟ್ಟುವುದನ್ನು ಪಕ್ಕದಲ್ಲೇ ನಿಂತು ಕೇಳಿದ
ನೀಲಾಂಬಿಕೆ
ಅರಕಲಗೂಡು