ಹಿಸುಕಿದ ವೃತ್ತ

ಹಾ ಲೆತ್ಸಿಕಾ,
ಶುಕ್ರವಾರ, ೧೭ ಜೂನ್ ೨೦೨೨

ಪ್ರೀತಿಯ ಲಿಪುವೊಳ ಅಪ್ಪನಿಗೆ,

ನಿಮ್ಮ ಮನೆಯಲ್ಲಿ ಶಾಂತಿ ಇರಲಿ. ಮೊಣಕಾಲು ಹೇಗಿದೆ? ಅಲ್ಲಿ ರಾಜಧಾನಿ ಮಸೇರುವಿನಲ್ಲೂ ಈ ವಾರ ಹಿಮ ಬೀಳಬಹುದು ಎಂದು ರೇಡಿಯೊದಲ್ಲಿ ಹೇಳಿದರು. ಕಚೇರಿಯಲ್ಲಿ ಹೀಟರ್ ಇದೆಯೆಂದು ಬರೀ ಕೋಟಿನಲ್ಲಿ ಓಡಾಡಬೇಡಿ, ಕಂಬಳಿ ಹೊದ್ದುಕೊಳ್ಳಿ. ಕಂಬಳಿ ಹೊದ್ದವನನ್ನು ನೋಡಿ ನಗುವ ಕಚೇರಿ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಸಂಜೆ ಬ್ರೆಡ್ಡು ತಿಂದು ಮಲಗುತ್ತೀರಿ ಎನ್ನುವುದೂ ನನಗೆ ಗೊತ್ತು. ಒಣಗಿಸಿದ ಪೀಚ್ ಹಣ್ಣು, ಒಂದು ಚೀಲ ಜೋಳದ ಹಿಟ್ಟು ಕಳಿಸಿದ್ದೇನೆ. ನಾನು ಚೆನ್ನಾಗಿದ್ದೇನೆ. ಕಂದು ಹಸು ಕರು ಹಾಕಿದೆ, ಹೆಣ್ಣುಗರು. ಲೆರಿಬೆಯಿಂದ ಮಗಳು ಲಿಪುವೊ ಫೋನ್ ಮಾಡಿದ್ದಳು. ಆಸ್ಪತ್ರೆಯಲ್ಲಿ ಪಾಳಿ ಹೆಚ್ಚಾಗಿದೆಯಂತೆ, ಆದರೆ ದನಿಯಲ್ಲಿ ನಗು ಇತ್ತು. ಅವಳ ಫೋನ್ ಬಂತು ಎಂದು ಬರೆಯಲು ಕಾರಣವಿದೆ. ಸೋಮವಾರದಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ. ಫೋನನ್ನಾದರೆ ಸಿಗ್ನಲ್ ಇಲ್ಲವೆಂದು ಇಟ್ಟುಬಿಡಬಹುದು. ಇದನ್ನು ವ್ಯಾನಿನ ಲೆಫಾ ನಿಮ್ಮ ಕೈಗೇ ಕೊಟ್ಟು, ನೀವು ಲಕೋಟೆ ಒಡೆಯುವವರೆಗೂ ಮುಂದೆ ನಿಂತಿರುತ್ತಾನೆ. ಹಾಗೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಹೊಸ ರಸ್ತೆಗೆ ಕರಿಬಂಡೆಯಲ್ಲಿ ಕಲ್ಲುಕ್ವಾರಿ ತೆರೆಯುವ ನಕ್ಷೆಯನ್ನು ಸೋಮವಾರ ಕಂಪನಿಯವರು ತಂದರು. ಊರೊಡತಿಯ ದನದ ದೊಡ್ಡಿಯ ಕಲ್ಲುಗೋಡೆಗೆ ಅದನ್ನು ತೂಗುಹಾಕಿದ್ದಾರೆ. ಬಟ್ಟೆಯಷ್ಟು ಗಟ್ಟಿಯಾದ ಕಾಗದ, ಬಣ್ಣ ಬಣ್ಣದ ಗೆರೆಗಳು. ಬಂಡೆಯ ಸುತ್ತ ಒಂದು ಕೆಂಪು ಗೆರೆ. ಆ ಗೆರೆಯ ಒಳಗಿನ ಮನೆಯವರನ್ನು ಸಿಡಿಮದ್ದು ಇಡುವ ದಿನ ಗಾಡಿಯಲ್ಲಿ ದೂರ ಕರೆದೊಯ್ಯುತ್ತಾರೆ, ಬಿರುಕು ಬಿಟ್ಟ ಗೋಡೆಯನ್ನು ರಿಪೇರಿ ಮಾಡಿಸುತ್ತಾರೆ, ಬಂಡೆಗೆ ತೀರಾ ಹತ್ತಿರವಿದ್ದವರಿಗೆ ಬೇರೆ ಕಡೆ ಮನೆ ಕಟ್ಟಿಸಿಕೊಡುತ್ತಾರೆ. ಹೊರಗಿನವರು ಮನೆಯಲ್ಲೇ ಕೂತು ಸದ್ದು ಕೇಳಬೇಕು. ಇದಿಷ್ಟೂ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಗೊತ್ತಿರುವುದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳುವುದು ಸುಲಭ.

ಹೋದ ಕ್ರಿಸ್‌ಮಸ್‌ಗೆ ಬಂದಾಗ ನೀವು ನನಗೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬರೆಯುವ ಕೆಲಸ ತೋರಿಸಿದ್ದಿರಿ, ನೆನಪಿದೆಯೇ? ನಡುವೆ ಒಮ್ಮೆ ಒತ್ತಿ ಮೌಸನ್ನು ಎಳೆದರೆ ವೃತ್ತ ಬೆಳೆಯುತ್ತಾ ಹೋಗುತ್ತಿತ್ತು; ಬಿಟ್ಟರೆ ನಿಲ್ಲುತ್ತಿತ್ತು. ನಮ್ಮ ಮನೆಯನ್ನೇ ನಡುವೆ ಇಟ್ಟು ಒಂದು ವೃತ್ತ ಎಳೆದು, "ನೋಡೇ, ಇಷ್ಟೂ ನಿನ್ನ ರಾಜ್ಯ" ಎಂದು ನಕ್ಕಿರಿ. ಆಮೇಲೆ ದೀರ್ಘವೃತ್ತದ ಗುಂಡಿ ಒತ್ತಿದಿರಿ. ಮೊದಲು ಉದ್ದಕ್ಕೆ ಎಳೆಯಬೇಕು, ಆಮೇಲೆ ಅಗಲವನ್ನು ಎಷ್ಟು ಬೇಕೋ ಅಷ್ಟು ಒತ್ತಬೇಕು, ಬೇಕಾದ ಕಡೆಗೆ ತಿರುಗಿಸಬಹುದು. "ವೃತ್ತ ಬರೆಯೋವಾಗ ಒಂದೇ ಒಂದು ಅಳತೆ ಹೇಳ್ಬೇಕು ಕಣೇ. ಇದಕ್ಕೆ ಎರಡು ಅಳತೆ, ಒಂದು ದಿಕ್ಕು. ಮೂರು ಸಲ ಯೋಚನೆ ಮಾಡ್ಬೇಕು" ಎಂದಿರಿ. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿದವಳು ನಾನು. ಆ ಮಾತನ್ನು ಮರೆಯಲಿಲ್ಲ.

ಕರಿಬಂಡೆಯ ಕೆಂಪು ಗೆರೆ ವೃತ್ತವಲ್ಲ. ನಿಯಮ ಐನೂರು ಮೀಟರ್ ಎನ್ನುತ್ತದೆ. ಐನೂರರ ವೃತ್ತ ಎಳೆದರೆ ತೊರೆಯ ಎರಡೂ ದಡದ ಮನೆಗಳು ಒಳಗೆ ಬರುತ್ತವೆ. ನಕ್ಷೆಯಲ್ಲಿರುವುದು ಕಣಿವೆಯುದ್ದಕ್ಕೂ ಮಲಗಿರುವ ಉದ್ದನೆಯ ಮೊಟ್ಟೆ. ಎರಡು ತುದಿಯಲ್ಲಿ ಕುರಿ ಮೇಯುವ ಗುಡ್ಡ, ಸೊಂಟದಲ್ಲಿ ಊರು. ಸೊಂಟವನ್ನೇ ಹಿಸುಕಿದ್ದಾರೆ. ಕಲ್ಲು ಕಣಿವೆಯ ದಿಕ್ಕಿಗೇ ಹೆಚ್ಚು ಹಾರುತ್ತದೆ, ಆದ್ದರಿಂದ ಈ ಆಕಾರ ಎಂದು ವರದಿಯಲ್ಲಿ ಬರೆದಿದೆ. ನಾನು ಅದನ್ನೂ ಓದಿದೆ. ಮೂರ್ಖತನದ ಮಾತೇನಲ್ಲ. ಕಣಿವೆಯ ಕಡೆ ಹೆಚ್ಚು ಹಾರಿದರೆ ಆ ಕಡೆ ಹೆಚ್ಚು ಎಳೆಯಿರಿ, ಬೇಡವೆಂದವರಾರು? ಆ ಕಡೆ ಕೊಟ್ಟದ್ದನ್ನು ಈ ಕಡೆಯಿಂದ ಯಾಕೆ ಕಿತ್ತುಕೊಂಡಿರಿ? ನಿನ್ನೆ ಊರಸಭೆಯಲ್ಲಿ ಕಂಪನಿಯ ಹಳದಿ ಹೆಲ್ಮೆಟ್ಟಿನ ಹುಡುಗ ಎದೆಯುಬ್ಬಿಸಿ ಹೇಳಿದ: "ವಿಸ್ತೀರ್ಣ ಲೆಕ್ಕ ಹಾಕಿ ನೋಡಿ. ವೃತ್ತಕ್ಕಿಂತ ಜಾಸ್ತಿ ಜಾಗ ಕೊಟ್ಟಿದೀವಿ." ಮುದುಕ ಖೊವಾಬಾನೆ ಚಿಲುಮೆ ತುಂಬುತ್ತಿದ್ದವನು ತಲೆಯೆತ್ತಿ, "ಒಳ್ಳೇದಾಯ್ತಪ್ಪ. ಹಾಗಾದ್ರೆ ಸಿಡಿಯೋ ದಿನ ಗಾಡಿ ತಂದು ನಮ್ಮ ಕುರಿಗಳನ್ನ ಹತ್ತಿಸ್ಕೊಂಡು ಹೋಗಿ. ನಾವು ಇಲ್ಲೇ ಇರ್ತೀವಿ, ಕುರಿಗಳಿಗೆ ನಮ್ಮ ಕಡೆಯಿಂದ ನಮಸ್ಕಾರ ಹೇಳಿ" ಎಂದ. ಸಭೆಗೆ ಸಭೆಯೇ ನಕ್ಕಿತು. ನಕ್ಕರೂ ಹೆಂಗಸರ ಕಣ್ಣು ನಗಲಿಲ್ಲ.

ಈಗ ಎರಡು ಮನೆಗಳ ಮಾತು. ತೊರೆಯ ಆಚೆ ದಡದಲ್ಲಿ ಮಥಕಾನೆ ಅಕ್ಕನ ಮನೆ, ಬಂಡೆಯಿಂದ ಮುನ್ನೂರು ಮೀಟರಿಗೆ ತುಸು ಹೆಚ್ಚು. ಅದು ಗೆರೆಯ ಹೊರಗೆ. ಕಣಿವೆಯ ಮೇಲಿನ ತುದಿಯಲ್ಲಿ, ಬಂಡೆಯಿಂದ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ, ಒಂಟಿಯಾಗಿ ನಿಂತಿರುವುದು ನಮ್ಮ ಮನೆ. ಅದು ಗೆರೆಯ ಒಳಗೆ. ಮೊಟ್ಟೆಯ ಚೂಪು ತುದಿ ಗುಡ್ಡದ ಕಡೆಗೆ ನೆಟ್ಟಗೆ ಹೋಗದೆ ಸ್ವಲ್ಪ ಓರೆಯಾಗಿ, ನಮ್ಮ ಪೀಚ್ ಮರವನ್ನು ಸುತ್ತಿ ಬರುತ್ತದೆ. ಎರಡು ಅಳತೆ, ಒಂದು ದಿಕ್ಕು. ಮೂರು ಸಲ ಯೋಚನೆ. ಮೊದಲೆರಡನ್ನು ನಿಮ್ಮಿಂದ ಯಾರು ಮಾಡಿಸಿದರು ಎಂದು ನಾನು ಊಹಿಸಬಲ್ಲೆ. ಸಂಬಳ ಕೊಡುವವರ ಬಾಯಿ ದೊಡ್ಡದು. ಮೂರನೆಯ ಯೋಚನೆ ಮಾತ್ರ ನಿಮ್ಮದೇ. ನನಗಾಗಿ ಮಾಡಿದಿರಿ ಎಂದೂ ಗೊತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ನಮ್ಮ ಮದುವೆಗೆ ಎರಡು ವರ್ಷ ಮೊದಲು, ಮೊದಲ ರಸ್ತೆ ಬಂದಾಗ ನೀವು ಗಣಿಯಲ್ಲಿ ಕೆಲಸ ಮಾಡಲು ಗಡಿಯಾಚೆ ಹೋಗಿದ್ದಿರಿ. ನಾನು ಇಲ್ಲಿದ್ದೆ. ಎಂಬತ್ತಾರನೆಯ ಇಸವಿ. ಇದೇ ಕರಿಬಂಡೆ. ಆಗಿನ ಎಂಜಿನಿಯರ್ ಹಿತ್ತಾಳೆಯ ಕೈವಾರದಿಂದ ಕಾಗದದ ಮೇಲೆ ಮುನ್ನೂರು ಮೀಟರಿನ ವೃತ್ತ ಎಳೆದಿದ್ದ. ಥಕಾನೆ ನನ್ನ ಒಂದನೆಯ ತರಗತಿಯಲ್ಲಿದ್ದಳು. ಉಗುರಿನಿಂದ ಸ್ಲೇಟು ಕೆರೆದು ನನ್ನ ಹಲ್ಲು ಜುಮ್ಮೆನಿಸುವುದು ಅವಳಿಗೆ ಇಷ್ಟ. ಅಂಗಳದಲ್ಲಿ ಜೋಳ ಹರವುತ್ತಿದ್ದ ಅಮ್ಮನ ಪಕ್ಕ ಕೂತಿದ್ದ ಮಗುವಿನ ಮೇಲೆ ಕಲ್ಲು ಬಿತ್ತು. ವಿಚಾರಣೆಗೆ ಬಂದ ಅಧಿಕಾರಿ ಟೇಪು ಹಿಡಿಸಿ ಅಳೆದು, "ಮನೆ ಗೆರೆಯ ಹೊರಗಿದೆ, ನಿಯಮ ಮೀರಿಲ್ಲ" ಎಂದು ಓದಿ ಹೇಳಿ ಟೊಪ್ಪಿಗೆ ಹಾಕಿಕೊಂಡು ಹೊರಟ. ಐನೂರು ಎಂಬ ಸಂಖ್ಯೆ ಬಂದದ್ದು ಅದಾದ ಮೇಲೆ. ನಮ್ಮ ಊರು ಆ ಇನ್ನೂರು ಮೀಟರನ್ನು ಒಂದು ಮಗುವನ್ನು ಕೊಟ್ಟು ಪಡೆದಿದೆ. ಆ ತಾಯಿಯನ್ನು ನಾವು ಇಂದಿಗೂ ದಿನಕ್ಕೆ ಹತ್ತು ಸಲ ಮಗಳ ಹೆಸರಿನಿಂದಲೇ ಕರೆಯುತ್ತೇವೆ, ಮಥಕಾನೆ, ಥಕಾನೆಯ ಅಮ್ಮ ಎಂದು. ಅದೇ ಮನೆಯನ್ನು ಎರಡನೆಯ ಸಲ ಗೆರೆಯ ಹೊರಗಿಡುವುದಕ್ಕೆ ನಿಮ್ಮ ಬೆರಳು ಹೇಗೆ ಒಪ್ಪಿತು?

ನಮ್ಮ ಮದುವೆಯ ವರ್ಷ ನೀವು ಅಡುಗೆಯ ದುಂಡು ಮನೆ ಕಟ್ಟಿದ್ದು ನನ್ನ ಕಣ್ಣ ಮುಂದಿದೆ. ನಡುವೆ ಗೂಟ, ಗೂಟಕ್ಕೆ ತೊಗಲಿನ ಹಗ್ಗ, ಹಗ್ಗದ ತುದಿಯಲ್ಲಿ ಚೂಪು ಕೋಲು. ನಾನು ನೋಡುತ್ತಿದ್ದೇನೆಂದು ನೀವು ಅವಸರ ಮಾಡಿದಿರಿ, ಒಂದು ಕಡೆ ಹಗ್ಗ ಸಡಿಲವಾಯಿತು. ನಿಮ್ಮ ಅಪ್ಪ ಬಂದು ಕಾಲಿನಿಂದ ಗೆರೆ ಅಳಿಸಿ, "ಏನೋ, ಹೆಂಡತಿಗೆ ಮನೆ ಕಟ್ತಿದೀಯೋ, ಬಸುರಿ ಹಸುವಿನ ಚಿತ್ರ ಬರೀತಿದೀಯೋ?" ಎಂದು ಗದರಿದರು. ನೀವು ನಾಚಿಕೆಯಿಂದ ಕೆಂಪಾಗಿ ಮೊದಲಿನಿಂದ ಎಳೆದಿರಿ. ಆ ಮನೆಯ ಗೋಡೆ ಮೂವತ್ತನಾಲ್ಕು ಚಳಿಗಾಲ ಕಂಡಿದೆ, ಒಂದು ಕೂದಲೆಳೆಯಷ್ಟು ಸೀಳಿಲ್ಲ. ಅಳಿಸಿ ಮತ್ತೆ ಎಳೆಯುವುದು ನಿಮಗೆ ಹೊಸದಲ್ಲ ಎಂದು ನೆನಪಿಸಲು ಇದನ್ನು ಬರೆದೆ.

ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ: ನಕ್ಷೆ ತಯಾರಿಸಿದವರು, ಸೆಬಾತಾ ರಮೊನ್ಯಾನೆ. ಅಷ್ಟು ಸಣ್ಣ ಅಕ್ಷರ ಓದುವ ಚಾಳಿ ಇಲ್ಲಿ ನನ್ನೊಬ್ಬಳಿಗೇ ಇರುವುದು. ನಿನ್ನೆ ಸಭೆ ಶುರುವಾಗುವ ಮೊದಲೇ ಹೋಗಿ ಆ ಮೂಲೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಕಂಬಳಿ ನಿಮ್ಮ ಹೆಸರನ್ನು ಮುಚ್ಚಿತು. ಕೂರಲು ಹೆಂಗಸರು ಜಾಗ ಮಾಡಿಕೊಟ್ಟರು. ಸೊಂಟ ನೋವು, ನಿಂತರೇ ವಾಸಿ ಎಂದೆ. ಗೋಡೆಯ ಕಲ್ಲಿನ ಚಳಿ ಬೆನ್ನೊಳಗೆ ಇಳಿಯುತ್ತಿತ್ತು. ಮೂವತ್ತನಾಲ್ಕು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಮುಚ್ಚಿ ನಿಂತದ್ದು ಅದೇ ಮೊದಲು.

ಮೊಟ್ಟೆಯನ್ನು ಅಳಿಸಿ. ಐನೂರರ ವೃತ್ತ ಎಳೆಯಿರಿ. ಕಣಿವೆಯ ಕಡೆ ಇನ್ನೂ ಬೇಕಿದ್ದರೆ ಅದರ ಮೇಲೆ ಸೇರಿಸಿ. ನಮ್ಮ ಪೀಚ್ ಮರ ಹೊರಗುಳಿದರೆ ಉಳಿಯಲಿ, ಅದು ಕಂಪನಿಯ ಗಾಡಿ ಹತ್ತಬೇಕೆಂದು ಕೇಳಿಲ್ಲ. ಕೆಲಸ ಹೋದರೆ ಹೋಗಲಿ. ನನ್ನ ಪಿಂಚಣಿ ಇದೆ, ಕಂದು ಹಸು ಇದೆ, ನಿಮಗೆ ಗೋಡೆ ಕಟ್ಟಲು ಬರುತ್ತದೆ.

ನಿಮ್ಮ ಅಕ್ಕನಿಗೂ ಪಕ್ಕದ ಮನೆಯ ಮಕ್ಕಳಿಗೂ ನನ್ನ ನೆನಪು ತಿಳಿಸಿ. ನಿಮ್ಮ ಮೇಲೆ ಶಾಂತಿ, ನಮ್ಮ ಹೊಲದ ಮೇಲೆ ಮಳೆ, ಎಲ್ಲರ ಮಡಕೆಯಲ್ಲಿ ಸಮೃದ್ಧಿ ಇರಲಿ.

ನಿಮ್ಮ,
ಮಲಿಪುವೊ

ಮರೆತ ಮಾತು: ಮರೆತಿರಲಿಲ್ಲ. ಮೊದಲೇ ಬರೆದಿದ್ದರೆ ನೀವು ಪತ್ರ ಮಡಚಿಡುತ್ತಿದ್ದಿರಿ. ಲೆಫಾ ಹಾರನ್ ಒತ್ತುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನೆ ಸಭೆಯ ಕೊನೆಗೆ ಮಥಕಾನೆ ಅಕ್ಕ ಎದ್ದು ಒಂದೇ ಮಾತು ಕೇಳಿದಳು: "ಈ ಗೆರೆ ಎಳೆದೋರು ಯಾರು ಮಗಾ?" ಆ ಹುಡುಗ, "ಯಾರೂ ಇಲ್ಲಮ್ಮ, ಕಂಪ್ಯೂಟರೇ ಹಾಕಿದ್ದು" ಎಂದ. ಅಲ್ಲಿಯವರೆಗೂ ತಡೆದುಕೊಂಡಿದ್ದೆ. "ಕಂಪ್ಯೂಟರಿಗೆ ಹೆಂಡತಿ ಇಲ್ಲಪ್ಪ. ಇದನ್ನ ಎಳೆದೋರಿಗೆ ಇದಾಳೆ, ನಾನೇ" ಎಂದು ಪಕ್ಕಕ್ಕೆ ಸರಿದು ನಿಮ್ಮ ಹೆಸರನ್ನು ಜೋರಾಗಿ ಓದಿದೆ. ನಮ್ಮ ಮನೆಯನ್ನು ಗೆರೆಯಿಂದ ತೆಗೆಯಿರಿ, ಎಳೆದವರೇ ಬಂದು ಹಗ್ಗ ಹಿಡಿದು ನೆಲದ ಮೇಲೆ ಐನೂರರ ವೃತ್ತ ಎಳೆಯುತ್ತಾರೆ ಎಂದೂ ಹೇಳಿದೆ. ಆಮೇಲೆ ಮಥಕಾನೆ ಅಕ್ಕ, "ಬರ್ಲಿ ಟೀಚರೇ. ಹಗ್ಗ ನಾನು ಕೊಡ್ತೀನಿ" ಅಂದಳು. ಊರೊಡತಿ ಒಪ್ಪಿಗೆಯ ಸಹಿ ಹಾಕದೆ ಸಭೆಯನ್ನು ಮುಂದಿನ ವಾರದ ಶನಿವಾರಕ್ಕೆ ಮುಂದೂಡಿದ್ದಾಳೆ. ಬೆಳಿಗ್ಗೆಯಿಂದ ಮನೆಮನೆಯವರು ಹಗ್ಗ ತಂದು ಒಂದಕ್ಕೊಂದು ಗಂಟು ಹಾಕುತ್ತಿದ್ದಾರೆ, ಎತ್ತಿನದು, ಬಾವಿಯದು, ಹುಲ್ಲು ಹೊರೆಯದು. ಕರಿಬಂಡೆಯಲ್ಲಿ ಗೂಟ ಹೊಡೆದಾಗಿದೆ. ಆ ದಿನ ಹಗ್ಗದ ಇನ್ನೊಂದು ತುದಿ ಹಿಡಿದು ನಡೆಯುವವರು ನೀವೆಂದು ನಾನು ಊರಿಗೆ ಮಾತು ಕೊಟ್ಟಿದ್ದೇನೆ. ಹಗ್ಗ ಸಡಿಲ ಬಿಡಬೇಡಿ. ಈ ಸಲವೂ ನಾನು ನೋಡುತ್ತಿರುತ್ತೇನೆ.